ಬಿದ್ದದ್ದು ಬಚ್ಚಲಲ್ಲಿ, ಕಾರಣ ಮಾತ್ರೆ ಡಬ್ಬಿಯಲ್ಲಿ

ಮನೆಯಲ್ಲಿ ವಯಸ್ಸಾದವರು ಬಿದ್ದರೆ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನೆಲ ಒದ್ದೆ ಇತ್ತಾ? ಚಪ್ಪಲಿ ಜಾರಿತಾ? ಲೈಟ್ ಹಾಕ್ಕೊಳ್ಳೋಕೆ ಏನಾಗಿತ್ತು? ಆಮೇಲೆ ಬಚ್ಚಲ ಗೋಡೆಗೆ ಒಂದು ಹಿಡಿ ಹಾಕಿಸುತ್ತೇವೆ, ಜಾರದ ಮ್ಯಾಟ್ ತರುತ್ತೇವೆ, ರಾತ್ರಿ ಉರಿಯಲು ಒಂದು ಸಣ್ಣ ಬಲ್ಬ್ ಸಿಕ್ಕಿಸುತ್ತೇವೆ. ಎಲ್ಲವೂ ಬೇಕಾದದ್ದೇ. ಆದರೆ "ಹೋದ ವಾರ ಹೊಸ ಮಾತ್ರೆ ಏನಾದರೂ ಶುರುವಾಯಿತಾ? ಯಾವುದಾದರೂ ಡೋಸ್ ಏರಿಸಿದರಾ?" ಎಂದು ಕೇಳುವವರು ಬಹಳ ಕಡಿಮೆ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದಾಗಲೂ ಸಾಮಾನ್ಯವಾಗಿ ಇದೇ ಕತೆ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಹಳೆಯ ಮಾತ್ರೆಗಳು ಹಾಗೇ ಮುಂದುವರಿಯುತ್ತವೆ, ನೋವಿಗೆಂದು ಇನ್ನೆರಡು ಸೇರುತ್ತವೆ.

ಬೀಳುವುದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಈ ಸಾವುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಗುತ್ತವೆ. ಪ್ರಾಣ ಕಳೆದುಕೊಳ್ಳುವವರಲ್ಲಿ 60 ದಾಟಿದವರೇ ಜಾಸ್ತಿ. 2011ರ ಜನಗಣತಿಯಲ್ಲೇ ಭಾರತದಲ್ಲಿ ಆ ವಯಸ್ಸಿನವರು 10 ಕೋಟಿ ದಾಟಿದ್ದರು.

ಬೀಳುವುದಕ್ಕೆ ಕಣ್ಣಿನ ಪೊರೆ, ಮಂಡಿನೋವು, ಕಾಲಿನ ಬಲ ಕಡಿಮೆಯಾಗುವುದು, ಹೀಗೆ ಹಲವು ಕಾರಣಗಳಿವೆ. ಅವುಗಳಲ್ಲಿ ಬಹುಪಾಲು ಬೇಗ ಬದಲಾಗುವಂಥವಲ್ಲ. ಮಾತ್ರೆ ಮಾತ್ರ ಬದಲಾಯಿಸಬಹುದಾದ ಕಾರಣ. ಹಾಗೆಂದು ಡಬ್ಬಿಯಲ್ಲಿರುವುದೆಲ್ಲ ತಪ್ಪು ಮಾತ್ರೆಗಳು ಎಂದಲ್ಲ. ಒಂದೊಂದನ್ನೂ ಒಬ್ಬೊಬ್ಬ ಡಾಕ್ಟರು ಒಂದೊಂದು ಕಾರಣಕ್ಕೆ ಸರಿಯಾಗಿಯೇ ಬರೆದಿರುತ್ತಾರೆ. ಹೃದಯದ ಡಾಕ್ಟರು ಹೃದಯ ನೋಡುತ್ತಾರೆ, ಮೂತ್ರದ ಡಾಕ್ಟರು ಪ್ರಾಸ್ಟೇಟ್ ನೋಡುತ್ತಾರೆ, ನರದ ಡಾಕ್ಟರು ನರ ನೋಡುತ್ತಾರೆ. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ, ಕೂಡಿಸಿ ನೋಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ. ತೊಂದರೆ ಇರುವುದು ಅಲ್ಲಿ.

ಎದ್ದು ನಿಂತ ಆ ಒಂದು ನಿಮಿಷ

ನಾವು ಮಲಗಿದ್ದವರು ಎದ್ದು ನಿಂತಾಗ ಸುಮಾರು ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಆಗ ರಕ್ತನಾಳಗಳು ತಕ್ಷಣ ಬಿಗಿಯಾಗಿ, ಹೃದಯ ಸ್ವಲ್ಪ ಜೋರಾಗಿ ಬಡಿದು, ಮೆದುಳಿಗೆ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುತ್ತವೆ. ವಯಸ್ಸಾದಂತೆ ಈ ಚುರುಕು ತಗ್ಗುತ್ತದೆ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದರೆ ಇನ್ನೂ ತಗ್ಗುತ್ತದೆ. ಅದರ ಮೇಲೆ ರಕ್ತನಾಳ ಸಡಿಲಿಸುವ ಬಿಪಿ ಮಾತ್ರೆ, ನೀರು ಹೊರಹಾಕುವ ಮಾತ್ರೆ, ಹೃದಯದ ಬಡಿತ ನಿಧಾನ ಮಾಡುವ ಮಾತ್ರೆ ಸೇರಿದರೆ, ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ.

ಗಂಡಸರಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆಯೂ ಕೆಲವರಲ್ಲಿ ಬಿಪಿ ಇಳಿಸುತ್ತದೆ. ಅದನ್ನು ಯಾರೂ ಬಿಪಿ ಮಾತ್ರೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾತ್ರಿ ಅದನ್ನು ನುಂಗಿ ಮಲಗಿದವರು ನಡುರಾತ್ರಿ ಮೂತ್ರಕ್ಕೆಂದೇ ಎದ್ದು ಹೋಗುತ್ತಾರೆ.

ನಮ್ಮ ಮನೆಗಳ ರೂಢಿಗಳೂ ಇದಕ್ಕೆ ಕೈ ಜೋಡಿಸುತ್ತವೆ. ಹಬ್ಬದ ದಿನ ಎಣ್ಣೆ ಹಚ್ಚಿಕೊಂಡು ಹದ ಮೀರಿದ ಬಿಸಿನೀರಿನಲ್ಲಿ ಸ್ನಾನ ಮಾಡಿದರೆ ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ಇಳಿಯುತ್ತದೆ. ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆಯಿಂದ ಏಳುವುದೂ ಅಂಥದ್ದೇ ಗಳಿಗೆ. ಹೊಟ್ಟೆ ತುಂಬ ಊಟವಾದ ಮೇಲೆ ರಕ್ತ ಕರುಳಿನ ಕಡೆ ಹೆಚ್ಚು ಹರಿಯುವುದರಿಂದ ಮುಂದಿನ ಒಂದೆರಡು ಗಂಟೆ ಬಿಪಿ ತಗ್ಗಬಹುದು. ಬೆಳಗಿನ ಬಿಪಿ ಮಾತ್ರೆ, ತಿಂಡಿ, ಬಿಸಿನೀರು ಸ್ನಾನ, ಮೂರೂ ಒಂದೇ ಗಂಟೆಯೊಳಗೆ ಮುಗಿಸುವವರು ಎಷ್ಟು ಜನ ಇಲ್ಲ! ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬೆವರಿನ ಜೊತೆ ನೀರು, ಉಪ್ಪು ಹೋಗುವಾಗ, ಚಳಿಗಾಲದಲ್ಲಿ ಸರಿಯಿದ್ದ ಅದೇ ಡೋಸ್ ಜಾಸ್ತಿಯಾಗಿಬಿಡಬಹುದು.

ಇದನ್ನು ಕಂಡುಹಿಡಿಯುವುದು ಸುಲಭ. ಐದು ನಿಮಿಷ ಮಲಗಿಸಿ ಬಿಪಿ ನೋಡಬೇಕು. ಎಬ್ಬಿಸಿ ನಿಲ್ಲಿಸಿ, ಒಂದನೇ ನಿಮಿಷಕ್ಕೆ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಇಳಿತ. ನಮ್ಮಲ್ಲಿ ಬಿಪಿ ನೋಡುವುದು ಕುರ್ಚಿಯಲ್ಲಿ ಕೂರಿಸಿ, ಒಂದೇ ಸಲ. ಕೂತಾಗ 140 ಇದ್ದದ್ದು ನಿಂತಾಗ 105 ಆಗಿದ್ದರೆ ಆ ಚೀಟಿಗೆ ಗೊತ್ತಾಗುವುದೇ ಇಲ್ಲ. "ಇನ್ನೂ ಸ್ವಲ್ಪ ಜಾಸ್ತಿ ಇದೆ" ಎಂದು ಡೋಸ್ ಏರಿಸುತ್ತಾರೆ. ಈಗ ಬಿಪಿ ನೋಡುವ ಮೆಷೀನ್ ಮನೆಮನೆಯಲ್ಲೂ ಇದೆ. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ನಿಂತಿದ್ದರೆ ಈ ಪರೀಕ್ಷೆ ಮನೆಯಲ್ಲೇ ಆಗುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ಬಿಪಿ ಮಾತ್ರೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಹತೋಟಿ ತಪ್ಪಿದ ಬಿಪಿಯಿಂದ ಸ್ಟ್ರೋಕ್ ಆದರೆ ಅದೂ ಬೀಳುವುದೇ ಅಲ್ವಾ? ವರ್ಷಗಳಿಂದ ಒಂದೇ ಡೋಸ್‌ನಲ್ಲಿ ಆರಾಮಾಗಿರುವವರಿಗಿಂತ, ಹೊಸದಾಗಿ ಶುರು ಮಾಡಿದವರಿಗೆ, ಡೋಸ್ ಏರಿಸಿಕೊಂಡವರಿಗೆ ಮೊದಲ ಕೆಲವು ವಾರ ಅಪಾಯ ಜಾಸ್ತಿ. ಮನೆಯವರು ಕಣ್ಣಿಟ್ಟು ನೋಡಬೇಕಾದದ್ದು ಆ ವಾರಗಳನ್ನು.

ಮಾತ್ರೆಯ ಬೆನ್ನಿಗೆ ಮಾತ್ರೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. 74 ವರ್ಷದ ಒಬ್ಬರಿಗೆ ಬಿಪಿಗೆ ಆಮ್ಲೋಡಿಪಿನ್ ಶುರುವಾಗುತ್ತದೆ. ಒಳ್ಳೆಯ, ಅಗ್ಗದ ಮಾತ್ರೆ. ಕೆಲವರಲ್ಲಿ ಅದರಿಂದ ಪಾದ ಊದಿಕೊಳ್ಳುತ್ತದೆ. ಊದಿದ ಪಾದ ಕಂಡ ಇನ್ನೊಬ್ಬರು ಡಾಕ್ಟರು, ಮೈಯಲ್ಲಿ ನೀರು ನಿಂತಿದೆ ಎಂದುಕೊಂಡು ನೀರು ಹೊರಹಾಕುವ ಮಾತ್ರೆ ಬರೆಯುತ್ತಾರೆ. ಆಮ್ಲೋಡಿಪಿನ್‌ನಿಂದ ಬರುವ ಊತ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಬಗ್ಗಲಿಲ್ಲವೆಂದು ಡೋಸ್ ಏರುತ್ತದೆ. ಈಗ ಪದೇಪದೇ ಮೂತ್ರ. ಎರಡನೇ ಡೋಸ್ ಸಂಜೆ ತೆಗೆದುಕೊಂಡರಂತೂ ರಾತ್ರಿ ಮೂರು ಸಲ ಏಳಬೇಕು. ನಿದ್ದೆ ಕೆಡುತ್ತದೆ. ನಿದ್ದೆಗೆ ಕ್ಲೋನಾಜೆಪಾಮ್ ಬರುತ್ತದೆ. ಸೋಡಿಯಂ, ಪೊಟ್ಯಾಸಿಯಂ ಇಳಿದು ಸುಸ್ತು, ತಲೆ ತಿರುಗು. ತಲೆ ತಿರುಗುವುದಕ್ಕೆ ಇನ್ನೊಂದು ಮಾತ್ರೆ. ಒಂದು ರಾತ್ರಿ ಎರಡೂವರೆಗೆ ಬಚ್ಚಲ ಹಾದಿಯಲ್ಲಿ ಬೀಳುತ್ತಾರೆ. ಬಲ್ಬ್ ಉರಿಯುತ್ತಲೇ ಇತ್ತು.

ಇದರಲ್ಲಿ ಯಾರನ್ನು ಬೈಯುವುದು? ಪ್ರತಿ ಹೆಜ್ಜೆಗೂ ಒಂದು ಕಾರಣವಿದೆ. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದು ಓದಿಕೊಂಡದ್ದೇ ಎಡವಟ್ಟು. ಈ ಸರಪಳಿಯನ್ನು ಪೌಲಾ ರೋಷಾನ್ ಮತ್ತು ಜೆರ್ರಿ ಗುರ್ವಿಟ್ಜ್ ಎಂಬ ವೈದ್ಯರು 1990ರ ದಶಕದಲ್ಲೇ ವಿವರಿಸಿ, ಎಚ್ಚರಿಸಿದ್ದರು. ಅವರ ಬರಹದಿಂದ ನಾವು ಎತ್ತಿಕೊಳ್ಳಬೇಕಾದ ಬುದ್ಧಿ ಸರಳ. ವಯಸ್ಸಾದವರಲ್ಲಿ ಏನಾದರೂ ಹೊಸ ತೊಂದರೆ ಕಂಡರೆ, ಅದು ಮಾತ್ರೆಯಿಂದ ಬಂದದ್ದಿರಬಹುದೇ ಎಂಬ ಅನುಮಾನ ಮೊದಲು ಬರಬೇಕು.

ಗ್ಯಾಸ್ ಮಾತ್ರೆಯೊಳಗೆ ಏನಿದೆ?

ಹೊರದೇಶಗಳ ಪಟ್ಟಿಗಳಲ್ಲಿ ಕಾಣದ, ನಮ್ಮಲ್ಲಿ ಮಾತ್ರ ಇಷ್ಟು ದೊಡ್ಡದಾಗಿರುವ ತೊಂದರೆ ಒಂದಿದೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಎರಡು-ಮೂರು ಔಷಧ ಸೇರಿಸಿ ಮಾಡಿದ ಮಾತ್ರೆಗಳು ತುಂಬಾ. ಹೆಸರು ಒಂದೇ, ಒಳಗೆ ಮೂರು.

ಗ್ಯಾಸ್ ಮಾತ್ರೆಯನ್ನೇ ನೋಡಿ. ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲ್‌ಗಳು ಧಾರಾಳವಾಗಿ ಮಾರಾಟವಾಗುತ್ತವೆ. ಲೆವೊಸಲ್ಪಿರೈಡ್ ಮೆದುಳಿನಲ್ಲಿ ಡೋಪಮೈನ್, ಅಂದರೆ ಮೈಕೈ ಸಲೀಸಾಗಿ ಆಡಲು ಬೇಕಾದ ರಾಸಾಯನಿಕದ ಕೆಲಸವನ್ನು ತಡೆಯುವ ಔಷಧ. ವಯಸ್ಸಾದವರು ತಿಂಗಳುಗಟ್ಟಲೆ ತಿಂದರೆ ಪಾರ್ಕಿನ್ಸನ್ ಕಾಯಿಲೆಯಂಥದ್ದೇ ಲಕ್ಷಣಗಳು ಬರಬಹುದು: ಕೈ ನಡುಕ, ಮೈ ಬಿಗಿತ, ಕಾಲೆಳೆದು ನಡೆಯುವುದು, ತಿರುಗುವಾಗ ತೂಕ ತಪ್ಪುವುದು. ಮನೆಯವರು "ವಯಸ್ಸಾಯಿತಲ್ಲ" ಅಂದುಕೊಳ್ಳುತ್ತಾರೆ. ಇಲ್ಲವೇ ಪಾರ್ಕಿನ್ಸನ್‌ಗೇ ಮಾತ್ರೆ ಶುರುವಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ಇದು ಮಾತ್ರೆಯಿಂದ ಬಂದದ್ದಾದರೆ ನಿಲ್ಲಿಸಿದ ಮೇಲೆ ಬಹಳಷ್ಟು ಜನರಲ್ಲಿ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ. ಎದೆಯುರಿಗೆ ಕ್ಯಾಪ್ಸೂಲ್ ಬೇಕೇ ಇದ್ದರೆ ಲೆವೊಸಲ್ಪಿರೈಡ್ ಇಲ್ಲದ್ದೂ ಸಿಗುತ್ತದೆ.

ತಲೆಸುತ್ತಿನ ಮಾತ್ರೆಯ ಕತೆ ಇನ್ನೂ ವಿಚಿತ್ರ. ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಇವು ತಲೆಸುತ್ತು ಜೋರಾಗಿದ್ದಾಗ ಕೆಲವು ದಿನ ಕೊಡುವಂಥವು. ನಮ್ಮಲ್ಲಿ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಿನ್ನುವವರಿದ್ದಾರೆ. ಇವೂ ನಿದ್ದೆಗಣ್ಣು ತರುತ್ತವೆ, ಇವೂ ಪಾರ್ಕಿನ್ಸನ್‌ನಂಥ ಬಿಗಿತ ತರಬಲ್ಲವು. ಬೀಳಬಾರದೆಂದು ತಿನ್ನುವ ಮಾತ್ರೆಯೇ ಬೀಳಿಸುತ್ತದೆ.

ಕಾಲು ಉರಿ, ಜೋಮಿಗೆ ಕೊಡುವ ನರದ ಮಾತ್ರೆಯನ್ನು ಎಷ್ಟೋ ಜನ ಬರೀ ವಿಟಮಿನ್ ಅಂದುಕೊಂಡಿರುತ್ತಾರೆ. ಮೀಥೈಲ್‌ಕೋಬಾಲಮಿನ್ ಎಂಬ ವಿಟಮಿನ್ ಅದರಲ್ಲಿ ಇರುತ್ತದೆ, ನಿಜ. ಬಹಳ ಸಲ ಜೊತೆಗೆ ಪ್ರಿಗ್ಯಾಬಲಿನ್ ಇರುತ್ತದೆ, ಕೆಲವದರಲ್ಲಿ ನಾರ್‌ಟ್ರಿಪ್ಟಿಲಿನ್ ಕೂಡ. ಇವೆರಡೂ ತೂಕಡಿಕೆ, ತೂರಾಟ ತರುವಂಥವು. ಪ್ರಿಗ್ಯಾಬಲಿನ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಸಣಕಲು ದೇಹದ ಅಜ್ಜಿಯ ರಕ್ತದಲ್ಲಿ ಕ್ರಿಯಾಟಿನಿನ್ (ಸ್ನಾಯುವಿನಿಂದ ಬಂದು ಮೂತ್ರಪಿಂಡ ಹೊರಹಾಕುವ ಅಂಶ) ನಾರ್ಮಲ್ ಎಂದು ರಿಪೋರ್ಟ್ ಹೇಳಿದರೂ, ಸ್ನಾಯು ಕಡಿಮೆ ಇರುವುದರಿಂದ ಆ ಅಂಕಿ ಮೋಸ ಮಾಡುತ್ತದೆ. ಮೂತ್ರಪಿಂಡದ ಕೆಲಸ ಅರ್ಧಕ್ಕೆ ಇಳಿದಿದ್ದರೂ ಇಳಿದಿರಬಹುದು. ಇದೇ ರೀತಿ ಆತಂಕಕ್ಕೆ ಕೊಡುವ ಎಸಿಟಾಲೋಪ್ರಾಮ್ ಜೊತೆ ಕ್ಲೋನಾಜೆಪಾಮ್ ಸೇರಿಸಿದ ಮಾತ್ರೆಯಿದೆ. ಅದನ್ನು ತಿನ್ನುವವರು "ನಾನು ನಿದ್ದೆ ಮಾತ್ರೆ ತಗೊಳ್ಳಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ಶೀತಕ್ಕೆಂದು ಅಂಗಡಿಯಲ್ಲಿ ಕೇಳಿ ತರುವ ಮಾತ್ರೆ, ಕೆಮ್ಮಿನ ಸಿರಪ್‌ಗಳಲ್ಲಿ ಕ್ಲೋರ್‌ಫೆನಿರಮಿನ್ ಇರುವುದು ಸಾಮಾನ್ಯ. ಅದೂ ಮಂಪರು ತರುತ್ತದೆ. ಮೂರೇ ದಿನ ತಿಂದದ್ದು ಯಾವ ಪಟ್ಟಿಗೂ ಸೇರುವುದಿಲ್ಲ.

ಸಕ್ಕರೆ ಮಾತ್ರೆಗಳಲ್ಲಿ ಎಲ್ಲವೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ಹಾಗಲ್ಲ, ಊಟ ತಪ್ಪಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬಂದು ಬೆವರು, ನಡುಕ, ಕಣ್ಣು ಮಂಜು. ಏಕಾದಶಿಗೆ ನಿರಾಹಾರ, ಸಂಕಷ್ಟಿಗೆ ಚಂದ್ರ ಕಾಣುವವರೆಗೆ ಉಪವಾಸ, ರಂಜಾನ್ ತಿಂಗಳಲ್ಲಿ ರೋಜಾ ಮಾಡುವವರು ಮೊದಲೇ ಡಾಕ್ಟರ ಹತ್ತಿರ ಮಾತ್ರೆಯ ಹೊತ್ತು, ಪ್ರಮಾಣ ಮಾತಾಡಿಕೊಳ್ಳಬೇಕು. ಉಪವಾಸ ಬಿಡಿ ಎಂದರೆ ಅಜ್ಜಿ ಕೇಳುವುದಿಲ್ಲ. ಮಾತ್ರೆ ಹೊಂದಿಸೋಣ ಎಂದರೆ ಕೇಳಬಹುದು.

ನಿದ್ದೆ ಮಾತ್ರೆ

ಇದಕ್ಕೆ ಬೇರೆಯಾಗಿಯೇ ಜಾಗ ಕೊಡಬೇಕು. ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಡಯಾಜೆಪಾಮ್ ಮತ್ತು ಜೊಲ್ಪಿಡೆಮ್ ಬೀಳುವುದರ ಜೊತೆ ಗಟ್ಟಿಯಾಗಿ ತಳಕು ಹಾಕಿಕೊಂಡ ಔಷಧಗಳು. ವಯಸ್ಸಾದಂತೆ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚಿ, ನೀರಿನ ಪಾಲು ತಗ್ಗುತ್ತದೆ. ಡಯಾಜೆಪಾಮ್‌ನಂಥವು ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಉಳಿಯುತ್ತವೆ. ಸೋಮವಾರದ ಮಾತ್ರೆ ಪೂರ್ತಿ ಇಳಿಯುವ ಮೊದಲೇ ಮಂಗಳವಾರದ್ದು ಬರುತ್ತದೆ. ಅಮೆರಿಕದ ವೃದ್ಧವೈದ್ಯರ ಸಂಘ ಪ್ರಕಟಿಸುವ ಬೀರ್ಸ್ ಪಟ್ಟಿ, ಅಂದರೆ ವಯಸ್ಸಾದವರಿಗೆ ಆದಷ್ಟು ತಪ್ಪಿಸಬೇಕಾದ ಔಷಧಗಳ ಪಟ್ಟಿ, ಇವನ್ನೆಲ್ಲ ಹೆಸರಿಸುತ್ತದೆ. 2023ರಲ್ಲಿ ಅದು ಪರಿಷ್ಕಾರವಾಗಿದೆ.

ಭಾರತದಲ್ಲಿ ಅಲ್ಪ್ರಾಜೋಲಾಮ್, ಡಯಾಜೆಪಾಮ್, ಜೊಲ್ಪಿಡೆಮ್ ಶೆಡ್ಯೂಲ್ ಎಚ್-1 ಎಂಬ ಔಷಧ ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಈ ನಿಯಮದಂತೆ ಚೀಟಿಯಿಲ್ಲದೆ ಕೊಡುವಂತಿಲ್ಲ. ಬೇರೆ ರಿಜಿಸ್ಟರಿನಲ್ಲಿ ಡಾಕ್ಟರು, ರೋಗಿಯ ಹೆಸರು, ಎಷ್ಟು ಕೊಟ್ಟರೆಂದು ಬರೆದು ಮೂರು ವರ್ಷ ಇಡಬೇಕು. ಕಾನೂನು ಸರಿಯಾಗೇ ಇದೆ. ಆದರೆ ಅದು ಆ್ಯಂಟಿಬಯಾಟಿಕ್‌ಗಳ ದುರ್ಬಳಕೆಯನ್ನೂ ಚಟವನ್ನೂ ತಡೆಯಲು ಮಾಡಿದ್ದು. 2019ರ ಚೀಟಿಗೆ ಇವತ್ತೂ ಮಾತ್ರೆ ಸಿಗುವ ಕಡೆ, 78ರ ಅಜ್ಜನಿಗೆ ಇದು ಇನ್ನೂ ಬೇಕಾ ಎಂಬ ಪ್ರಶ್ನೆಯನ್ನು ಯಾವ ರಿಜಿಸ್ಟರೂ ಕೇಳುವುದಿಲ್ಲ.

ನಿಲ್ಲಿಸಿದರೆ ಫಲವಿದೆಯಾ? ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 65 ದಾಟಿದ 93 ಜನ ಇದ್ದರು. ಒಂದು ಗುಂಪಿಗೆ ನಿದ್ದೆಯ, ಮನಸ್ಸಿನ ಮಾತ್ರೆಗಳನ್ನು 14 ವಾರಗಳಲ್ಲಿ ಮೆಲ್ಲಗೆ ಇಳಿಸುತ್ತಾ, ಗೊತ್ತಾಗದಂತೆ ಔಷಧವಿಲ್ಲದ ಕ್ಯಾಪ್ಸೂಲ್ ಕೊಟ್ಟರು. ಆ ಗುಂಪಿನಲ್ಲಿ ಬೀಳುವ ಅಪಾಯ ಶೇಕಡಾ 66ರಷ್ಟು ತಗ್ಗಿತು. ಮಾತ್ರೆ ವಿಷಯದಲ್ಲಿ ಇಷ್ಟು ದೊಡ್ಡ ಫಲ ಸಿಗುವುದು ಅಪರೂಪ. ಆದರೆ ಪ್ರಯೋಗ ಮುಗಿದ ಒಂದೇ ತಿಂಗಳಲ್ಲಿ, ಬಿಟ್ಟಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಮತ್ತೆ ಮಾತ್ರೆಗೆ ಮರಳಿದರು. ನನಗೆ ಮೊದಲನೆಯ ಅಂಕಿಗಿಂತ ಈ ಎರಡನೆಯದೇ ಮುಖ್ಯವಾಗಿ ಕಾಣುತ್ತದೆ. ಮಾತ್ರೆ ಕಿತ್ತುಕೊಂಡರೆ ಸಾಲದು, ರಾತ್ರಿ ಎರಡಕ್ಕೆ ಎಚ್ಚರವಾಗಿ ಸೂರು ನೋಡುತ್ತಾ ಮಲಗುವ ಮನುಷ್ಯನಿಗೆ ಬೇರೆ ಏನು ಕೊಡುತ್ತೀರಿ ಎಂಬುದಕ್ಕೆ ಉತ್ತರ ಬೇಕು. ಮಧ್ಯಾಹ್ನದ ನಿದ್ದೆ ಕಡಿಮೆ ಮಾಡುವುದು, ಸಂಜೆಯ ಕಾಫಿ ಬಿಡುವುದು, ನೋವಿದ್ದರೆ ನೋವಿಗೆ, ಮೂತ್ರದ ತೊಂದರೆಯಿದ್ದರೆ ಅದಕ್ಕೆ ಮೊದಲು ಚಿಕಿತ್ಸೆ. ಒಂಟಿತನಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಮದ್ದಿಲ್ಲ.

ಕೆನಡಾದ ಕ್ವಿಬೆಕ್‌ನಲ್ಲಿ ಇನ್ನೊಂದು ದಾರಿ ಹಿಡಿದರು. ನಿದ್ದೆ ಮಾತ್ರೆಯ ಅಪಾಯ, ಮೆಲ್ಲಗೆ ಇಳಿಸುವ ಕ್ರಮ ಎರಡನ್ನೂ ತಿಳಿಯಾಗಿ ಬರೆದ ಪುಸ್ತಿಕೆಯನ್ನು ರೋಗಿಗಳ ಕೈಗೇ ಕೊಟ್ಟರು. 2014ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆರು ತಿಂಗಳಲ್ಲಿ ಶೇಕಡಾ 27ರಷ್ಟು ಜನ ಪೂರ್ತಿ ಬಿಟ್ಟರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇಕಡಾ 5. ವಯಸ್ಸಾದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ ಎನ್ನುವವರು ಇದನ್ನು ನೋಡಬೇಕು. ಕನ್ನಡದಲ್ಲಿ ಅಂಥದ್ದೊಂದು ನಾಲ್ಕು ಪುಟದ ಪುಸ್ತಿಕೆ ಅಚ್ಚು ಹಾಕಲು ಎಷ್ಟು ಖರ್ಚಾಗುತ್ತದೆ?

ಹಾಗಂತ ಮಾತ್ರೆ ಪಟ್ಟಿ ನೋಡಿದ ಎಲ್ಲ ಪ್ರಯೋಗಗಳೂ ಇಷ್ಟು ಫಲ ಕೊಟ್ಟಿಲ್ಲ. ಪಟ್ಟಿ ನೋಡುವುದರ ಜೊತೆ ನಡಿಗೆ, ಕಾಲಿನ ಬಲಕ್ಕೆ ವ್ಯಾಯಾಮ, ಮನೆಯ ಅಪಾಯ ಎಲ್ಲವನ್ನೂ ಹಿಡಿದಾಗ ಫಲ ಚೆನ್ನಾಗಿದೆ. ಅಮೆರಿಕದ ಯೇಲ್‌ನಲ್ಲಿ ಮೇರಿ ಟಿನೆಟ್ಟಿ ತಂಡ ಹಾಗೆ ಮಾಡಿದಾಗ ಒಂದು ವರ್ಷದಲ್ಲಿ ಬಿದ್ದವರು ಶೇಕಡಾ 35, ಬೇರೆ ಗುಂಪಿನಲ್ಲಿ 47. ಅದು 1994ರ ಮಾತು.

ಚೀಲ ಸುರಿಯಿರಿ

ಮನೆಯಲ್ಲಿ ಮಾಡಬಹುದಾದ ಮೊದಲ ಕೆಲಸಕ್ಕೆ ಅರ್ಧ ಗಂಟೆ ಸಾಕು. ಫ್ರಿಜ್ ಮೇಲಿನದು, ದಿಂಬಿನ ಕೆಳಗಿನದು, ದೇವರ ಕೋಣೆಯ ಗೂಡಿನದು, ಎಲ್ಲ ಮಾತ್ರೆಗಳನ್ನೂ ಒಂದು ಕಡೆ ಸುರಿಯಿರಿ. ಆಯುರ್ವೇದದ್ದು, ಪುಡಿ, ಸಿರಪ್, ಕಣ್ಣಿನ ಡ್ರಾಪ್ಸ್ ಕೂಡ. ಹೆಸರಿಲ್ಲದ ಪೊಟ್ಟಣಗಳನ್ನು ಮುಖ್ಯವಾಗಿ ತನ್ನಿ. ಮಂಡಿನೋವಿಗೆಂದು ಕೊಡುವ ಅಂಥ ಪುಡಿಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ತೊಡೆಯ ಸ್ನಾಯುವನ್ನೂ ಮೂಳೆಯನ್ನೂ ಒಟ್ಟಿಗೆ ಸೊರಗಿಸುತ್ತದೆ.

ಆಮೇಲೆ ಬ್ರ್ಯಾಂಡ್ ಹೆಸರು ಬಿಟ್ಟು, ಅದರ ಕೆಳಗಿನ ಸಣ್ಣ ಅಕ್ಷರದ ಔಷಧದ ಹೆಸರು ಓದಿ. ಒಂದು ಸ್ಟ್ರಿಪ್ ಟೆಲ್ಮಾ, ಇನ್ನೊಂದು ಟೆಲ್ಮಿಕೈಂಡ್ ಇದ್ದರೆ ಎರಡೂ ಟೆಲ್ಮಿಸಾರ್ಟನ್ನೇ. ಒಂದು ಆಸ್ಪತ್ರೆ ಬರೆದದ್ದು, ಒಂದು ಊರಿನ ಡಾಕ್ಟರು ಬರೆದದ್ದು, ಎರಡನ್ನೂ ಶ್ರದ್ಧೆಯಿಂದ ನುಂಗುವವರಿದ್ದಾರೆ. ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರು ಮಾಡಿತು. ಒಳ್ಳೆಯ ಯೋಜನೆ. ಆದರೆ ಸರ್ಕಾರದ ಮಾತ್ರೆ ಬಂದಾಗ ಅಂಗಡಿಯದನ್ನು ಬಿಡಬೇಕೇ ಎಂದು ಅಲ್ಲೇ ಕೇಳಿ ತಿಳಿಯಬೇಕು. ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ಕೊಡುವಾಗ ಹೆಸರು, ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಆ ತುದಿಯ ಫೋಟೊ ಒಂದು ತೆಗೆದುಕೊಳ್ಳಿ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಕೂತು ಆ್ಯಪ್‌ನಲ್ಲಿ ತಿಂಗಳ ಮಾತ್ರೆ ತರಿಸಿಕೊಡುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಡಾಕ್ಟರು ನಿಲ್ಲಿಸಿದ್ದು ಆರ್ಡರಿನಲ್ಲಿ ನಿಂತಿರುವುದಿಲ್ಲ.

ಆ ಚೀಲವನ್ನು ಒಬ್ಬರೇ ಡಾಕ್ಟರ ಮುಂದೆ ಇಡಿ. ವೃದ್ಧವೈದ್ಯರು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಫ್ಯಾಮಿಲಿ ಡಾಕ್ಟರು ಅಥವಾ ಜನರಲ್ ಮೆಡಿಸಿನ್‌ನವರು. "ಕಳೆದ ವರ್ಷದಲ್ಲಿ ಇಷ್ಟು ಸಲ ಬಿದ್ದಿದ್ದಾರೆ" ಎಂದೇ ಮಾತು ಶುರು ಮಾಡಿ. ಬಿದ್ದದ್ದನ್ನು ಹಿರಿಯರು ತಾವಾಗಿ ಹೇಳುವುದಿಲ್ಲ. ಓಡಾಟ ನಿಲ್ಲಿಸಿಬಿಡುತ್ತಾರೆಂಬ ಭಯ ಅವರಿಗೆ. ಇದರಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಇಳಿಸಬಹುದು, ಯಾವುದರ ಹೊತ್ತು ಬದಲಿಸಬಹುದು ಎಂದು ನೇರವಾಗಿ ಕೇಳಿ. ಕೇಳಿದರೆ ಬೇಜಾರಾಗುವ ಡಾಕ್ಟರಿದ್ದರೆ ಬೇರೆಯವರನ್ನು ನೋಡುವುದೇ ವಾಸಿ.

ನೀವೇ ನಿಲ್ಲಿಸಲು ಮಾತ್ರ ಹೋಗಬೇಡಿ. ನಿದ್ದೆ ಮಾತ್ರೆ ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕ್ಲೋನಿಡಿನ್ ನಿಲ್ಲಿಸಿದರೆ ಬಿಪಿ ಒಮ್ಮೆಲೇ ಚಿಮ್ಮುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಬಹಳ ದಿನ ತಿಂದ ಸ್ಟೀರಾಯ್ಡ್ ಕೂಡ ಹಾಗೆಯೇ. ಇನ್ನು ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳು ಬೀಳಿಸುವುದಿಲ್ಲ, ಆದರೆ ಬಿದ್ದಾಗ ತಲೆಯೊಳಗೆ ರಕ್ತ ಸೋರುವ ಅಪಾಯ ಹೆಚ್ಚಿಸುತ್ತವೆ. ಅಂಥವರ ತಲೆಗೆ ಪೆಟ್ಟು ಬಿದ್ದರೆ, ಎದ್ದು ಕೂತು ಕಾಫಿ ಕುಡಿದರೂ ಸರಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ವಾರದ ನಂತರ ಮಂಕು, ತಲೆನೋವು, ಮಾತು ತಡವರಿಸುವುದು ಕಂಡರೂ ಆ ಹಳೇ ಪೆಟ್ಟನ್ನು ನೆನಪಿಸಿ ಹೇಳಿ.

ಇಷ್ಟೆಲ್ಲ ಮನೆಯವರೇ ಮಾಡಬೇಕಾ ಎಂದು ಕೇಳಿದರೆ, ಮಾಡಬೇಕಾಗಿ ಬರಬಾರದು ಎಂಬುದೇ ನನ್ನ ಉತ್ತರ. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಅಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸಿಗುವಂತಾಯಿತು. ಆ ಯೋಜನೆ ಹಣ ಕೊಡುವುದು ಆಸ್ಪತ್ರೆಗೆ ದಾಖಲಾದವರಿಗೆ. ಹೊರರೋಗಿಯಾಗಿ ಅರ್ಧ ಗಂಟೆ ಕೂತು ಮಾತ್ರೆ ಪಟ್ಟಿ ನೋಡಿಸಿಕೊಂಡರೆ ಅದಕ್ಕೆ ಕೊಡುವುದಿಲ್ಲ. ಅಂದರೆ ಮೂಳೆ ಮುರಿದ ಮೇಲೆ ದುಡ್ಡಿದೆ, ಮುರಿಯುವ ಮೊದಲು ಇಲ್ಲ. ಕೆಲಸ ಮಾಡಬಲ್ಲವರ ಕೊರತೆಯೂ ಅಷ್ಟಾಗಿ ಇಲ್ಲ. ಆಸ್ಪತ್ರೆಯಲ್ಲಿ ರೋಗಿಯ ಔಷಧ ಪಟ್ಟಿ ಪರಿಶೀಲಿಸುವುದನ್ನೇ ಕಲಿಸುವ ಫಾರ್ಮ್-ಡಿ ಕೋರ್ಸ್ ಭಾರತದಲ್ಲಿ 2008ರಲ್ಲೇ ಶುರುವಾಗಿದೆ. ಮೈಸೂರು, ಬೆಂಗಳೂರು, ಮಂಗಳೂರಿನ ಕಾಲೇಜುಗಳಿಂದ ಪ್ರತಿ ವರ್ಷ ಇವರು ಹೊರಬರುತ್ತಿದ್ದಾರೆ. ಒಂದೊಂದು ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಇಂಥ ಒಬ್ಬರನ್ನು ಕೂರಿಸಿ, 60 ದಾಟಿದವರು ಬಿದ್ದು ಬಂದರೆ ಅವರ ಮಾತ್ರೆ ಪಟ್ಟಿ ನೋಡದೆ ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕುವಂತಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ಹೊಸ ಕಟ್ಟಡ, ಹೊಸ ಮೆಷೀನ್ ಯಾವುದೂ ಬೇಡ.